ಕೋವಿಗಳು ಠಾಣೆಯಲ್ಲಿದ್ದ ಬೇಸಿಗೆ

ಮೊನ್ನೆ ಕಡಬ ಪೇಟೆಯಲ್ಲಿ ಸ್ಕೂಟರ್ ನಿಲ್ಲಿಸಿ ಸೀಯಾಳ ಕುಡಿಯುತ್ತಿದ್ದಾಗ ರಬ್ಬರ್ ಶೀಟ್ ತುಂಬಿದ ಪಿಕಪ್ ಒಂದು ಪಕ್ಕದಲ್ಲೇ ಬಂದು ನಿಂತಿತು. ಆಗಷ್ಟೇ ರಬ್ಬರ್ ಒಣಗಿಸುವ ಹೊಗೆಮನೆಯಿಂದ ಇಳಿಸಿದ ಶೀಟುಗಳಿರಬೇಕು. ಕಟ್ಟಿಗೆಯ ಹೊಗೆಯೂ ಹುಳಿ ಹಿಡಿದ ರಬ್ಬರ್ ಹಾಲೂ ಸೇರಿದ ಆ ವಾಸನೆಗೆ ಪಕ್ಕದಲ್ಲಿ ನಿಂತ ಹೆಂಗಸೊಬ್ಬರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಇನ್ನೊಂದು ಹೆಜ್ಜೆ ಹತ್ತಿರ ಹೋಗಿ ನಿಂತೆ. ಸೀಯಾಳದವರು ನನ್ನನ್ನು ಒಂದು ಥರ ನೋಡಿದರು. ಯೂನಿಫಾರ್ಮ್ ಹಾಕಿದವಳು ಹೀಗೆ ರಬ್ಬರ್ ಮೂಸಿಕೊಂಡು ನಿಂತರೆ ಯಾರಾದರೂ ನೋಡುತ್ತಾರೆ. ಅವರಿಗೇನು ಗೊತ್ತು, ನಾನು ಆಗ ಕಡಬದಲ್ಲಿ ಇರಲೇ ಇಲ್ಲ, ಮಂಡೆಕೋಲಿನಲ್ಲಿ ಹಮೀದಾಕನ ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದೆ.

ಅರಣ್ಯ ಇಲಾಖೆಗೆ ಸೇರಿದ ಮೇಲೆ ನನ್ನ ಎರಡನೇ ಪೋಸ್ಟಿಂಗ್ ಮಂಡೆಕೋಲು. ಸುಳ್ಯ ತಾಲೂಕಿನ ತುದಿ. ಗುಡ್ಡೆ ಇಳಿದರೆ ಕೇರಳ. ಕೆಲವು ಕಡೆ ನಿಂತರೆ ಮೊಬೈಲಿಗೆ ಅಲ್ಲಿಯ ಟವರಿನ ಸ್ವಾಗತ ಸಂದೇಶ ಬರುತ್ತದೆ. ನಮ್ಮ ಮನೆ ಕಬಕದಲ್ಲಿ. ಅಮ್ಮ ನಾನು ಗಾರ್ಡ್ ಆಗುತ್ತೇನೆ ಎಂದಾಗಲೇ ತಲೆಗೆ ಕೈ ಹೊತ್ತಿದ್ದರು. "ಹೆಣ್ಣುಮಕ್ಕಳಿಗೆ ಬ್ಯಾಂಕು ಉಂಟು, ಶಾಲೆ ಉಂಟು. ನಿನಗೆ ಕಾಡೇ ಆಗ್ಬೇಕಾ ಮಾರಾಯ್ತಿ?" ಮಂಡೆಕೋಲಿಗೆ ಹೋದ ಮೊದಲ ವಾರವೇ ಇನ್ನೊಬ್ಬರು ನನ್ನ ಕಾಲೆಳೆದರು. ಕಾಡಿನ ಅಂಚಿನಲ್ಲೇ ಜಾಗ ಇದ್ದ ಸಂಕಪ್ಪ ರೈಗಳು. ನನ್ನ ಎದೆ ಮೇಲಿನ ಹೆಸರಿನ ಪಟ್ಟಿಯನ್ನು ಕನ್ನಡಕ ಏರಿಸಿ ಓದಿ, "ಹರಿಣಾಕ್ಷಿ! ಜಿಂಕೆ ಹೆಸರು ಇಟ್ಕೊಂಡು ಚಿರತೆ ಕಾಯ್ಲಿಕ್ಕೆ ಬಂದದ್ದಾ ನೀವು?" ಎಂದು ಅಂಗಳ ತುಂಬ ನಕ್ಕರು. ಅವರ ಹೆಂಡತಿ ಲಲಿತಕ್ಕ ಒಳಗಿನಿಂದ ಬೆಲ್ಲ ನೀರು ತಂದು, "ಅವರ ಮಾತಿಗೆ ಬೇಜಾರು ಮಾಡ್ಬೇಡಿ. ಮೊದಲು ಬಾಯಾರಿಕೆ ತೆಗೊಳ್ಳಿ" ಎಂದರು. ಆ ಮನೆಯ ಅಂಗಳಕ್ಕೆ ಕಾಲಿಟ್ಟವರು ಬೆಲ್ಲ ನೀರು ಮುಟ್ಟದೆ ಹಿಂದಿರುಗುವ ಪದ್ಧತಿಯೇ ಇರಲಿಲ್ಲ. ಮೀಟರ್ ನೋಡಲು ಬಂದವರಿಗೂ ಅಷ್ಟೇ, ವೋಟು ಕೇಳಲು ಬಂದವರಿಗೂ ಅಷ್ಟೇ.

ರೈಗಳದ್ದು ಅರವತ್ತು ದಾಟಿದ ಗಟ್ಟಿ ದೇಹ. ಜಾಗದಲ್ಲಿ ಮೇಲೆ ಗೇರು, ನಡುವೆ ರಬ್ಬರ್, ತಗ್ಗಿನಲ್ಲಿ ಬಾಳೆ ಮತ್ತು ಮರಗೆಣಸು. ಅವರ ಬೇಲಿಯ ಆಚೆಗೆ ನನ್ನ ಕಾಡು. ಅವರಿಗೊಂದು ಕೋವಿ ಇತ್ತು. ತಂದೆಯ ಕಾಲದ್ದು, ಬೆಳೆ ರಕ್ಷಣೆಗೆಂದು ಲೈಸೆನ್ಸ್ ಇದ್ದದ್ದು. ದಿನಾ ಮುಸ್ಸಂಜೆಗೆ ಬಾಳೆತೋಟದ ಬದಿಯಲ್ಲಿ ನಿಂತು ಗಾಳಿಗೆ ಒಂದು ಗುಂಡು ಹೊಡೆಯುತ್ತಿದ್ದರು. ಕಾಡುಹಂದಿಗಳಿಗೆ ಅದು ಎಚ್ಚರಿಕೆ. ಸುತ್ತಲಿನ ಮನೆಗಳಲ್ಲಿ ಆ ಸದ್ದಿಗೇ ದೇವರ ದೀಪ ಹಚ್ಚುತ್ತಿದ್ದರಂತೆ. ನಾನೂ ಗಡಿಯಾರ ನೋಡದೆ ಆ ಸದ್ದು ಕೇಳಿ ಗಸ್ತು ಮುಗಿಸಲು ಕಲಿತಿದ್ದೆ.

ಅದು ಚುನಾವಣೆಯ ವರ್ಷ. ಚುನಾವಣೆ ಘೋಷಣೆ ಆದ ಕೂಡಲೇ ಕೋವಿ ಇದ್ದವರೆಲ್ಲ ಠಾಣೆಗೆ ಹೋಗಿ ಒಪ್ಪಿಸಬೇಕು. ನಮ್ಮ ಕಡೆ ಅದು ಪ್ರತಿ ಚುನಾವಣೆಯ ಮೊದಲ ಶಾಸ್ತ್ರ. ಸುಳ್ಯದ ಬೆಳಗ್ಗಿನ ಬಸ್ಸಿನಲ್ಲಿ ಹಳೇ ಬೆಡ್‌ಶೀಟು, ಲುಂಗಿ ಸುತ್ತಿದ ಉದ್ದನೆಯ ಕಟ್ಟುಗಳನ್ನು ಮಡಿಲಲ್ಲಿಟ್ಟುಕೊಂಡು ಹತ್ತಾರು ಜನ ಗಂಭೀರವಾಗಿ ಕುಳಿತಿದ್ದರು. ರೈಗಳೂ ಇದ್ದರು. "ಮಗಳನ್ನು ಗಂಡನ ಮನೆಗೆ ಬಿಡುವಾಗಲೂ ನನಗೆ ಇಷ್ಟು ಸಂಕಟ ಆಗ್ಲಿಲ್ಲ" ಎಂದರು ನನ್ನ ಹತ್ತಿರ.

ಹಂದಿಗಳಿಗೂ ನೀತಿಸಂಹಿತೆಯ ಸುದ್ದಿ ಮುಟ್ಟಿರಬೇಕು. ಮುಸ್ಸಂಜೆಯ ಗುಂಡು ನಿಂತ ನಾಲ್ಕನೇ ದಿನಕ್ಕೆ ರೈಗಳ ಮರಗೆಣಸಿನ ಸಾಲು ಉತ್ತು ಹಾಕಿದ ಗದ್ದೆಯ ಹಾಗೆ ಕಾಣುತ್ತಿತ್ತು. ಪಟಾಕಿ ಹೊಡೆದರು. ತಗಡು ಬಡಿದರು. ಲಲಿತಕ್ಕನ ಹಳೆಯ ಸೀರೆಗಳನ್ನು ಬೇಲಿಗೆ ಕಟ್ಟಿದರು. ಹಂದಿಗಳು ಸೀರೆಯನ್ನೂ ಸೇರಿಸಿಯೇ ತುಳಿದು ಹೋದವು.

ಅದೇ ಬೇಸಿಗೆಯಲ್ಲಿ ಚಿರತೆಯ ಗಲಾಟೆಯೂ ಜೋರಾಯಿತು. ಅದು ಹೊಸದೇನೂ ಅಲ್ಲ. ಗುಡ್ಡೆಯ ಮೇಲಿನ ದೊಡ್ಡ ಪಾದೆಕಲ್ಲಿನ ಹತ್ತಿರ ನಾನು ಕಟ್ಟಿದ್ದ ಕ್ಯಾಮೆರಾದಲ್ಲಿ ಹೆಣ್ಣೊಂದು ಒಂದೂವರೆ ವರ್ಷದಿಂದ ಬೀಳುತ್ತಿತ್ತು. ಎಡ ಭುಜದ ಮೇಲೆ ಮೂರು ಚುಕ್ಕೆ ಕೂಡಿಕೊಂಡ ಗುರುತು ನೋಡಿದರೆ ಸಾಕು, ನನಗೆ ಅದರ ಪರಿಚಯ ಸಿಗುತ್ತಿತ್ತು. ಅಷ್ಟು ದಿನ ಅದು ಯಾರ ಗೋಜಿಗೂ ಬಂದಿರಲಿಲ್ಲ. ಆ ಮಾರ್ಚಿನಲ್ಲಿ ಒಂದೇ ವಾರದೊಳಗೆ ಹಮೀದಾಕನ ಎರಡು ಆಡುಗಳನ್ನು ಹೊತ್ತುಕೊಂಡು ಹೋಯಿತು.

ಹಮೀದಾಕ ಎಂದರೆ ಪೇಟೆಯಲ್ಲಿ ರಬ್ಬರ್ ಶೀಟ್ ಖರೀದಿಸುವ ಅಂಗಡಿಯವರು. ಅಂಗಡಿಯ ಹಿಂದೆಯೇ ಅವರ ಹೊಗೆಮನೆ. ನನಗೆ ಇವತ್ತಿಗೂ ಬಿಡದ ವಾಸನೆ ಅದರದ್ದೇ. ದಮ್ಮಾಮಿನಲ್ಲಿ ಹನ್ನೆರಡು ವರ್ಷ ಒಂದು ಕಂಪೆನಿಯ ಗೇಟಿನಲ್ಲಿ ಸೆಕ್ಯುರಿಟಿಯಾಗಿದ್ದು ಊರಿಗೆ ಮರಳಿದವರು. ಹಾಗಾಗಿ ಯಾರೊಂದಿಗೆ ಮಾತಾಡುವಾಗಲೂ ಗೇಟ್ ಪಾಸ್ ಕೇಳುವವರ ಹಾಗೆ ನೇರವಾಗಿ ಕಣ್ಣು ನೋಡುತ್ತಿದ್ದರು. ಪಂಚಾಯತಿನಲ್ಲಿ ಸಭೆ ಕರೆಸಿದ್ದೂ ಅವರೇ.

"ಬೋನು ಇಡಿ. ಹಿಡೀರಿ. ದೂರ ಎಲ್ಲಿಯಾದ್ರೂ ಬಿಟ್ಟು ಬನ್ನಿ. ಅಷ್ಟೇ ನಾವು ಕೇಳುದು" ಎಂದರು ಹಮೀದಾಕ. ಸಭೆಯಲ್ಲಿದ್ದವರೆಲ್ಲ ಹೌದು ಹೌದು ಎಂದರು.

ನಾನು ಎದ್ದು ನಿಂತೆ. ನನಗೆ ಆಗ ಇಪ್ಪತ್ತೇಳು. ಸ್ವರ ಅಮ್ಮನದ್ದು, ಗಟ್ಟಿ. ಇದನ್ನು ತೆಗೆದರೆ ಈ ಗುಡ್ಡೆ ಖಾಲಿ ಉಳಿಯುವುದಿಲ್ಲ, ಇನ್ನೊಂದು ಬರುತ್ತದೆ, ಬರುವುದು ಊರಿನ ದಾರಿ ಗೊತ್ತಿಲ್ಲದ ಹೊಸದು ಎಂದೆ. ಬಿಟ್ಟ ಜಾಗದಲ್ಲಿ ಇದೂ ದಿಕ್ಕು ತಪ್ಪಿ ಇನ್ನೊಂದು ಊರಿನ ದನದ ಹಟ್ಟಿಗೆ ನುಗ್ಗುತ್ತದೆ ಎಂದೆ. ಯಾರ ಮುಖವೂ ಸಡಿಲವಾಗಲಿಲ್ಲ. ಕೊನೆಗೆ ಹಮೀದಾಕನ ಕಡೆ ತಿರುಗಿ, "ನಿಮ್ಮ ಆಡಿನ ಹಟ್ಟಿಗೆ ಬಾಗಿಲು ಉಂಟಾ?" ಎಂದು ಕೇಳಿದೆ.

ಹಮೀದಾಕ, "ಇಲ್ಲ" ಎಂದರು.

"ಹನ್ನೆರಡು ವರ್ಷ ಕಂಪೆನಿಯ ಗೇಟು ಕಾದವರು ನೀವು. ಆಡಿಗೆ ಒಂದು ಗೇಟು ಇಡ್ಲಿಕ್ಕೆ ಆಗ್ಲಿಲ್ವಾ?"

ಸಭೆಗೆ ನಗು ಬಂತು. ಹಮೀದಾಕನಿಗೆ ಬರಲಿಲ್ಲ. ಆದರೆ ಮೂರನೇ ದಿನ ನಾನು ಆ ದಾರಿಯಲ್ಲಿ ಹೋಗುವಾಗ ಹಟ್ಟಿಗೆ ಕಬ್ಬಿಣದ ಜಾಲರಿಯ ಬಾಗಿಲು ಕೂತಿತ್ತು, ಮೇಲೆ ತಗಡಿನ ಶೀಟು ಹೊದಿಸಿತ್ತು. ಆಮೇಲೆ ಆಡು ಹೋಗಲಿಲ್ಲ. ಊರವರೂ ನಾಯಿಗಳನ್ನು ಕತ್ತಲಾಗುವ ಮೊದಲೇ ಒಳಗೆ ಕಟ್ಟಲು ಶುರು ಮಾಡಿದರು. ಬೋನಿನ ಮಾತು ನಿಧಾನಕ್ಕೆ ತಣ್ಣಗಾಯಿತು. ನನಗೋ ಒಳಗೊಳಗೆ ಸಂಭ್ರಮ. ಊರನ್ನು ಗೆದ್ದೆ ಎಂದುಕೊಂಡೆ. ಹಾಗೆ ಅಂದುಕೊಂಡದ್ದೇ ನನ್ನ ತಪ್ಪು.

ಬೇಸಿಗೆ ಎಂದರೆ ನಮಗೆ ಬೆಂಕಿಯ ಕಾಲ. ಬೆಂಕಿ ದಾಟದ ಹಾಗೆ ಬೆಂಕಿರೇಖೆ ಕೆರೆಯುವುದು, ಒಣ ತರಗೆಲೆ ಗುಡಿಸುವುದು, ಎಲ್ಲಿ ಹೊಗೆ ಎದ್ದರೂ ಓಡುವುದು. ಬೆವರಿಗೆ ಅಂಗಿ ಬೆನ್ನಿಗೆ ಅಂಟಿಕೊಂಡು, ಒಣಗಿ, ಉಪ್ಪಿನ ಗೆರೆ ಮೂಡುತ್ತಿತ್ತು. ಅದರ ನಡುವೆಯೂ ನಾನು ಕಾಡಿನಂಚಿನ ಬೇಲಿಗಳನ್ನು ಒಂದೊಂದಾಗಿ ನೋಡುತ್ತಿದ್ದೆ. ಕೋವಿ ಇಲ್ಲದ ಕಾಲದಲ್ಲಿ ಹಂದಿಗೆ ಉರುಳು ಇಡುವವರು ಹೆಚ್ಚು. ಹಳೆಯ ಬೈಕಿನ ಕ್ಲಚ್ ವಯರು ಸಾಕು. ಹಂದಿ ನುಸುಳುವ ಕಿಂಡಿಯಲ್ಲಿ ಕುಣಿಕೆ ಮಾಡಿ ಇಟ್ಟು, ಇನ್ನೊಂದು ತುದಿಯನ್ನು ಮರಕ್ಕೆ ಬಿಗಿದರೆ ಆಯಿತು. ಆದರೆ ವಯರಿಗೆ ಹಂದಿ ಯಾವುದು, ಚಿರತೆ ಯಾವುದು ಎಂದು ಗೊತ್ತಾಗುವುದಿಲ್ಲ. ಉರುಳು ಸಿಕ್ಕ ಕಡೆ ಕಿತ್ತು, ಜಾಗದ ಯಜಮಾನರಿಗೆ ಬಾಯಿಗೆ ಬಂದಂತೆ ಬೈದು ಬರುತ್ತಿದ್ದೆ. ಎಲ್ಲರ ಬೇಲಿ ನೋಡಿದ್ದೆ. ರೈಗಳ ಬೇಲಿಯನ್ನು ಮಾತ್ರ ನೋಡಿರಲಿಲ್ಲ. ಅವರ ಮನೆಯಲ್ಲಿ ಬೆಲ್ಲ ನೀರು ಕುಡಿದು, ಅವರ ತಮಾಷೆಗೆ ನಕ್ಕು, ಬೇಲಿ ನೋಡುವುದು ಅವಮಾನ ಮಾಡಿದ ಹಾಗೆ ಎಂದು ನನ್ನಷ್ಟಕ್ಕೆ ತೀರ್ಮಾನ ಮಾಡಿಕೊಂಡಿದ್ದೆ.

ಏಪ್ರಿಲಿನ ಒಂದು ಬೆಳಿಗ್ಗೆ, ಇನ್ನೂ ಹಲ್ಲುಜ್ಜಿರಲಿಲ್ಲ, ಫೋನ್ ಬಂತು.

"ಹರಿಣಾಕ್ಷಿ ಮೇಡಂ, ನಾನು ಸಂಕಪ್ಪ ರೈ. ಚಿರತೆ ಉರುಳಿಗೆ ಸಿಕ್ಕಿದೆ. ಉರುಳು ನನ್ನದೇ. ಜೀವ ಉಂಟು. ಬೇಗ ಬನ್ನಿ."

ಸ್ಕೂಟರ್ ಹೇಗೆ ಹತ್ತಿದೆ, ದಾರಿಯಲ್ಲಿ ಯಾರು ಸಿಕ್ಕಿದರು ಒಂದೂ ನೆನಪಿಲ್ಲ. ನೆನಪಿರುವುದು ರೈಗಳು ನಿಂತಿದ್ದ ರೀತಿ. ಗೇರುಮರಗಳ ನಡುವೆ, ಬೇಲಿಯಿಂದ ಮೂವತ್ತು ಮಾರು ದೂರದಲ್ಲಿ, ಬನಿಯನ್, ಮುಂಡುಪಂಚೆಯಲ್ಲೇ, ಕೈ ಕಟ್ಟಿಕೊಂಡು. ಮನೆಯ ನಾಯಿಗಳನ್ನು ಕೋಣೆಯೊಳಗೆ ಹಾಕಿ ಚಿಲಕ ಜಡಿದು ಬಂದಿದ್ದರು. ಯಾರೂ ಹತ್ತಿರ ಹೋಗದ ಹಾಗೆ ತಾವೇ ಕಾವಲು ನಿಂತಿದ್ದರು. ಆಚೆ ಪೊದೆಯ ಬುಡದಲ್ಲಿ ಅದು. ಬಲ ಮುಂಗಾಲಿಗೆ ಕುಣಿಕೆ ಬಿಗಿದಿತ್ತು. ನಮ್ಮನ್ನು ಕಂಡದ್ದೇ ಒಮ್ಮೆ ಎಗರಿತು. ವಯರು ಎಳೆದು ಬೀಳಿಸಿತು. ಗಂಟಲಿನಿಂದ ಹಲಗೆ ಕೊಯ್ಯುವ ಗರಗಸದಂಥ ಸದ್ದು. ಎಡ ಭುಜದಲ್ಲಿ ಮೂರು ಚುಕ್ಕೆ ಕೂಡಿಕೊಂಡಿದ್ದವು. ನನ್ನದೇ ಹೆಣ್ಣು.

ರೈಗಳು ನನ್ನ ಮುಖ ನೋಡದೆ ಹೇಳಿದರು, "ನಾಲ್ಕು ಸಲ ನೀವು ಅಂಗಳಕ್ಕೆ ಬಂದಾಗ ಹೇಳುವ ಅಂತ ಕಂಡಿತು. ಹಂದಿಗೆ ಮಾತ್ರ ಅಲ್ವಾ ಅಂತ ಸುಮ್ಮನಾದೆ. ವರ್ಷಕ್ಕೊಮ್ಮೆ ಹುಲಿದೈವ ಪಿಲಿಚಾಮುಂಡಿಯ ಎದುರು ಕೈ ಮುಗಿದು ನಿಲ್ಲುವವ ನಾನು. ಈ ವರ್ಷ ಯಾವ ಮುಖ ಇಟ್ಕೊಂಡು ನಿಲ್ಲುದು?"

ನನಗೆ ಕೋಪ ಬಂದಿತ್ತು. ಅಳುವೂ ಬಂದಿತ್ತು. ಎರಡಕ್ಕೂ ಆಗ ಪುರುಸೊತ್ತು ಇರಲಿಲ್ಲ. ಆ ಬೆಳಿಗ್ಗೆ ಅವರ ಮುಂದೆ ಇನ್ನೊಂದು ದಾರಿ ಇತ್ತು, ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಸುಮ್ಮನೆ ಮನೆಗೆ ಹೋಗಿ ಚಾ ಕುಡಿಯುವುದು. ಮಧ್ಯಾಹ್ನದ ಬಿಸಿಲಿಗೆ ಅದು ತಾನಾಗಿ ಸಾಯುತ್ತಿತ್ತು. ಹೊಸ ಬಾಳೆ ನೆಡಲು ತೋಡಿಟ್ಟ ಗುಂಡಿಗಳು ಅಲ್ಲೇ ಸಾಲಾಗಿ ಇದ್ದವು. ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಕೇಸು, ಜೈಲು ಎರಡೂ ಗೊತ್ತಿದ್ದೇ ಅವರು ಫೋನ್ ಒತ್ತಿದ್ದರು.

ರೇಂಜರ್ ಸಾಹೇಬರಿಗೆ ಫೋನಿನಲ್ಲಿ ಹೇಳಿದೆ. ಅರಿವಳಿಕೆ ಕೊಡುವ ಡಾಕ್ಟರು ದೂರದಿಂದ ಬರಬೇಕು, ಮೂರೂವರೆ ಗಂಟೆಯಾದರೂ ಬೇಕು ಎಂದರು. ಅಷ್ಟು ಹೊತ್ತು ಅದು ಎಗರಾಡದೆ ಇರಬೇಕು. ಎಗರಿದಷ್ಟೂ ವಯರು ಮಾಂಸಕ್ಕೆ ಇಳಿಯುತ್ತದೆ, ಇಲ್ಲವಾದರೆ ವಯರೇ ತುಂಡಾಗಿ ಎದುರಿದ್ದವರ ಮೇಲೆ ಬೀಳುತ್ತದೆ. ಎರಡನ್ನೂ ತಡೆಯಲು ಬೇಕಾದದ್ದು ಒಂದೇ, ನಿಶ್ಶಬ್ದ. ಆದರೆ ಸುದ್ದಿಗೆ ಕಾಲು ಬಂದಾಗಿತ್ತು. ಎಂಟು ಗಂಟೆಗೆಲ್ಲ ರಸ್ತೆಯಲ್ಲಿ ಬೈಕುಗಳ ಸದ್ದು, ಜೀಪುಗಳ ಸದ್ದು. ಗೇಟಿನ ಹತ್ತಿರ ಜನ, ತೋಟದ ಒಳಗೆ ಜನ, ಮೊಬೈಲು ಎತ್ತಿ ಹಿಡಿದ ಜನ. ನಾನು, ನನ್ನ ಜೊತೆಯ ವಾಚರ್ ಇಬ್ಬರೇ. ಕೈ ಮುಗಿದೆ, ಗದರಿಸಿದೆ. ಒಬ್ಬರು ಹಿಂದೆ ಸರಿದರೆ ನಾಲ್ವರು ಮುಂದೆ ಬರುತ್ತಿದ್ದರು.

ಆಗ ಹಮೀದಾಕನ ಪಿಕಪ್ ಬಂತು. ಬಂದದ್ದೇ ರೈಗಳ ಗೇಟಿಗೆ ಅಡ್ಡ ನಿಂತಿತು. ಹಮೀದಾಕ ಇಳಿದು, ಬಾಗಿಲು ಹಾಕಿ, ಬಾನೆಟ್‌ಗೆ ಒರಗಿ ನಿಂತರು.

"ಒಳಗೆ ಯಾರೂ ಇಲ್ಲ. ವಾಪಸ್."

"ನೋಡಿ ಬರುದು ಮಾತ್ರ ಹಮೀದಾಕ" ಎಂದರು ಯಾರೋ.

"ದಮ್ಮಾಮಿನಲ್ಲಿ ಶೇಖನ ಅಣ್ಣನನ್ನೇ ಪಾಸ್ ಇಲ್ಲದೆ ಬಿಡದವ ನಾನು. ನಿನ್ನನ್ನು ಬಿಡುದಾ?"

ಗೇಟು ಭದ್ರವಾಯಿತು. ಒಳಗೆ ಆಗಲೇ ನುಗ್ಗಿದವರನ್ನು ಏನು ಮಾಡುವುದು ಎಂದು ನಾನು ನೋಡುತ್ತಿದ್ದಾಗ ಮೇಲಿನ ಅಂಗಳದಿಂದ ಲಲಿತಕ್ಕನ ಸ್ವರ ಬಂತು. ಅದೂ ಮೆಲ್ಲಗೆ, ಕೈ ಸನ್ನೆಯ ಜೊತೆಗೆ. "ಬನ್ನಿ, ಬನ್ನಿ, ಎಲ್ಲರೂ ಮೇಲೆ ಬನ್ನಿ. ಇಷ್ಟು ಬಿಸಿಲಿಗೆ ಬಂದು ನನ್ನ ಮನೆಯಲ್ಲಿ ನೀರು ಮುಟ್ಟದೆ ನಿಲ್ಲುದಾ? ಬೆಲ್ಲ ಉಂಟು, ಮಜ್ಜಿಗೆ ಉಂಟು." ದೊಡ್ಡ ಬೋಗುಣಿಯಲ್ಲಿ ಮಜ್ಜಿಗೆ ಕಲಸಿ, ಶುಂಠಿ ಜಜ್ಜಿ ಹಾಕಿ, ಲೋಟಗಳನ್ನು ಸಾಲಾಗಿ ಜೋಡಿಸಿದ್ದರು. ಅಂಗಳಕ್ಕೂ ಚಿರತೆಗೂ ನಡುವೆ ಮನೆ ಅಡ್ಡ. ಪೊಲೀಸರು ಲಾಠಿ ಬೀಸಿದ್ದರೂ ಕದಲದಿದ್ದ ಜನ ಒಬ್ಬೊಬ್ಬರೇ ಮೊಬೈಲು ಕಿಸೆಗೆ ಹಾಕಿ ಮೇಲೆ ಹತ್ತಿದರು. ನಮ್ಮೂರಿನವರಿಗೆ ಇಲಾಖೆಯ ಆಜ್ಞೆ ಮೀರುವುದು ಗೊತ್ತು, ಮನೆಯ ಹೆಂಗಸು ಕೊಟ್ಟ ಬಾಯಾರಿಕೆಯನ್ನು ಬೇಡ ಎನ್ನುವುದು ಗೊತ್ತಿಲ್ಲ. ಕುಡಿದ ಮೇಲೂ ಲಲಿತಕ್ಕ ಬಿಡಲಿಲ್ಲ. ಅವರ ಮನೆಯ ಮದುವೆ, ಇವರ ಮೊಮ್ಮಗುವಿನ ನಾಮಕರಣ ಎಂದು ಪಿಸುಮಾತಿನಲ್ಲೇ ವಿಚಾರಿಸುತ್ತ ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿಕೊಂಡರು. ಗಂಡನ ತಲೆಯ ಮೇಲೆ ಏನು ಬರಲಿದೆ ಎಂಬುದು ಆ ತಾಯಿಗೆ ಪೂರ್ತಿ ಗೊತ್ತಿತ್ತು.

ಕೆಳಗೆ ಸದ್ದಡಗಿತು. ಚಿರತೆ ನಿಧಾನಕ್ಕೆ ಹೊಟ್ಟೆಯನ್ನು ನೆಲಕ್ಕೆ ಹಚ್ಚಿ ಮಲಗಿತು. ಅದರ ಪಕ್ಕೆ ಏರಿ ಇಳಿಯುವುದನ್ನು ನಾನು ಗೇರುಮರದ ಮರೆಯಲ್ಲಿ ಕೂತು ಎಣಿಸುತ್ತಿದ್ದೆ. ಬಿಸಿಲು ಏರಿದ ಹಾಗೆ ರೈಗಳು ದೂರದಿಂದಲೇ ಉದ್ದನೆಯ ಪೈಪಿನಲ್ಲಿ ಅದರ ಸುತ್ತಲಿನ ತರಗೆಲೆಗೆ ನೀರು ಚಿಮುಕಿಸಿದರು. ಯಾರೂ ಹೇಳಿಕೊಟ್ಟದ್ದಲ್ಲ. ಬಾಳೆಗಿಡಕ್ಕೆ ಬಿಟ್ಟಷ್ಟೇ ಸಹಜವಾಗಿ ಬಿಟ್ಟರು.

ಡಾಕ್ಟರು ಹನ್ನೊಂದರ ಹೊತ್ತಿಗೆ, ರೇಂಜರ್ ಸಾಹೇಬರ ಜೊತೆ, ಬೋನು ಹೇರಿದ ಇಲಾಖೆಯ ಜೀಪಿನಲ್ಲಿ ಬಂದರು. ಒಂದೇ ಏಟಿಗೆ ಅರಿವಳಿಕೆಯ ಸೂಜಿ ತೊಡೆಗೆ ಕೂತಿತು. ಹತ್ತು ನಿಮಿಷ ಕಾದು ಹತ್ತಿರ ಹೋದೆವು. ವಯರು ಕತ್ತರಿಸಿದವಳು ನಾನು. ಮೂಳೆ ಮುರಿದಿರಲಿಲ್ಲ, ನರ ಹೋಗಿರಲಿಲ್ಲ; ಚರ್ಮ ಮಾತ್ರ ಸುತ್ತ ಹರಿದಿತ್ತು. ಡಾಕ್ಟರು ಗಾಯ ತೊಳೆದು ಮದ್ದು ಹಾಕಿ, ಅದನ್ನು ಮಗ್ಗುಲಿಗೆ ಹೊರಳಿಸಿದವರು ಹಾಗೇ ನಿಂತರು. "ಹಾಲು ಕೊಡ್ತಾ ಇರುವ ತಾಯಿ ಇದು. ಮರಿಗಳು ಇಲ್ಲೇ ಎಲ್ಲೋ ಇವೆ" ಎಂದರು.

ಆ ಮಾತಿಗೆ ಎಲ್ಲವೂ ತಿರುಗಿತು. ದೂರ ಸಾಗಿಸಿದರೆ ಪಾದೆಕಲ್ಲಿನ ಸಂದಿಯಲ್ಲಿ ಮರಿಗಳು ಹಸಿದು ಸಾಯುತ್ತವೆ. ಇಲ್ಲೇ, ಇವತ್ತೇ ಬಿಡಬೇಕು. ಆದರೆ ಹಿಡಿದ ಚಿರತೆಯನ್ನು ಅದೇ ಊರಿನ ಬೆನ್ನಿಗೆ ಬಿಡುವುದೆಂದರೆ ಊರು ಸುಮ್ಮನಿರುತ್ತದೆಯೇ? ಸಾಹೇಬರು ಗೇಟಿನ ಹತ್ತಿರ ಹೋಗಿ ಇದ್ದ ವಿಷಯವನ್ನು ಇದ್ದ ಹಾಗೆ ಹೇಳಿದರು. ಎಲ್ಲರೂ ಹಮೀದಾಕನನ್ನು ನೋಡಿದರು. ಆಡು ಹೋದದ್ದು ಅವರದ್ದು. ಮಾತಾಡುವ ಹಕ್ಕೂ ಅವರದ್ದೇ ಎಂಬ ಲೆಕ್ಕ.

ಹಮೀದಾಕ ನನ್ನನ್ನು ಕೇಳಿದರು, "ಮೇಡಂ, ನನ್ನ ಆಡು ತಿಂದದ್ದು ಇದೇ ಅಲ್ವಾ?"

ಗೊತ್ತಿಲ್ಲ ಎನ್ನಬಹುದಿತ್ತು. ಮೊದಲ ಆಡು ಹೋದ ಮೇಲೆ ಅವರ ಹಟ್ಟಿಯ ಹಿಂದೆ ಕಟ್ಟಿದ ಕ್ಯಾಮೆರಾದಲ್ಲಿ ಆ ಮೂರು ಚುಕ್ಕೆಗಳನ್ನು ನಾನೇ ನೋಡಿದ್ದೆ. "ಇದೇ" ಎಂದೆ.

"ಮರಿ ಎಷ್ಟು?"

"ಗೊತ್ತಿಲ್ಲ ಹಮೀದಾಕ. ಇದೆ ಎಂದು ಮಾತ್ರ ಗೊತ್ತು."

ಅವರು ಪಿಕಪ್‌ನ ಬಾನೆಟ್ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿದರು. "ಮಕ್ಕಳಿಗೆ ಹಾಲು ಬೇಕಲ್ಲ, ಹೊಟ್ಟೆಗೆ ಎಂತಾದ್ರೂ ಬೀಳ್ಬೇಕಲ್ಲ, ಅದಕ್ಕೇ ನನ್ನ ಹಟ್ಟಿಗೆ ಬಂದದ್ದು. ಈಗ ನನ್ನ ಹಟ್ಟಿಗೆ ಬಾಗಿಲು ಉಂಟು. ಇಲ್ಲೇ ಬಿಡಿ ಸಾರ್." ಆಮೇಲೆ ಜನರ ಕಡೆ ತಿರುಗಿ, "ಎಂತ, ಆಗ್ಬಹುದಲ್ಲ?" ಎಂದರು. ಕೇಳಿದ ರೀತಿಗೆ ಆಗದು ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ, ಮನಸ್ಸೂ ಇರಲಿಲ್ಲ.

ಸಂಜೆ ಐದೂವರೆಗೆ, ಅದಕ್ಕೆ ಪೂರ್ತಿ ಎಚ್ಚರ ಬಂದ ಮೇಲೆ, ಟಾರ್ಪಾಲು ಹೊದಿಸಿದ ಬೋನನ್ನು ಗುಡ್ಡೆಯ ನಡುವಿನವರೆಗೆ ಹೊತ್ತವರು ಊರಿನ ಎಂಟು ಜನ. ಆಮೇಲೆ ಒಂದು ಗಂಟೆ ಮಂಡೆಕೋಲಿನ ಆ ಬದಿಯಲ್ಲಿ ಒಂದು ಬೈಕು ಓಡಲಿಲ್ಲ, ಒಂದು ಬಾಗಿಲು ತೆರೆಯಲಿಲ್ಲ. ಬೋನಿನ ಬಾಗಿಲಿಗೆ ಕಟ್ಟಿದ ಉದ್ದನೆಯ ಹಗ್ಗವನ್ನು, ಕಾಡುದಾರಿ ಮುಗಿಯುವಲ್ಲಿ ನಿಲ್ಲಿಸಿದ್ದ ಜೀಪಿನೊಳಗಿಂದ ಎಳೆದೆ. ಅದು ಹೊರಗೆ ಬಂದು, ಒಮ್ಮೆ ಮುಂಗಾಲು ನೆಕ್ಕಿ, ಹಿಂದೆ ನೋಡದೆ ಪಾದೆಕಲ್ಲಿನ ದಾರಿ ಹಿಡಿಯಿತು. ಸ್ವಲ್ಪ ಕುಂಟುತ್ತಿತ್ತು. ಐದನೇ ದಿನ ಕ್ಯಾಮೆರಾದ ಚಿತ್ರದಲ್ಲಿ ತಾಯಿಯ ಹಿಂದೆ ಎರಡು ಮರಿಗಳಿದ್ದವು. ಆ ಚಿತ್ರವನ್ನು ನಾನು ಮೊದಲು ತೋರಿಸಿದ್ದು ಸಾಹೇಬರಿಗಲ್ಲ, ಹಮೀದಾಕನಿಗೆ. ಅವರು ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದರು.

ಆದರೆ ಚಿರತೆಯನ್ನು ಬಿಟ್ಟ ಆ ದಿನವೇ ಇನ್ನೊಂದು ಕೆಲಸ ಬಾಕಿ ಇತ್ತು. ಮಹಜರು.

ರೈಗಳ ಜಗಲಿಯಲ್ಲಿ ಕೂತು ಬರೆದೆ. ಸ್ಥಳ, ಸಮಯ, ವಯರಿನ ಅಳತೆ. ಉರುಳು ಇಟ್ಟವರು ಯಾರು ಎನ್ನುವಲ್ಲಿ ನನ್ನ ಪೆನ್ನು ನಿಂತಿತು. ಇವರ ಹೆಸರು ಬರೆದರೆ ನಾಳೆ ಬಂಧನ. ಬರೆಯದಿದ್ದರೆ ಯಾರೂ ಕೇಳುವವರಿಲ್ಲ. ಕೈ ತನ್ನಷ್ಟಕ್ಕೇ 'ಯಾರೋ ಅಪರಿಚಿತರು' ಎಂದು ಬರೆಯಿತು. ನಾನು ಮಾಡಿದ್ದು ತಪ್ಪು, ಒಪ್ಪುತ್ತೇನೆ. ಓದಿ ಹೇಳಿ ಸಹಿಗೆ ಕೊಟ್ಟಾಗ ರೈಗಳು ಪೆನ್ನು ಮುಟ್ಟಲಿಲ್ಲ.

"ಇದೆಂತ ಬರೆದದ್ದು ನೀವು? ಅಪರಿಚಿತರು ಬಂದು ಉರುಳು ಇಟ್ಟು ಹೋಗ್ಲಿಕ್ಕೆ ನನ್ನ ಜಾಗ ಎಂತ, ದಿಕ್ಕಿಲ್ಲದ ಬಂಜರಾ? ನನ್ನ ಬೇಲಿ, ನನ್ನ ಬೈಕಿನ ವಯರು, ನನ್ನ ಕೈ. ನನ್ನ ಹೆಸರು ಬರೀರಿ."

"ಸಂಕಪ್ಪಣ್ಣ, ಕೇಸು ಸಣ್ಣದಲ್ಲ" ಎಂದೆ.

"ಬೆಳಿಗ್ಗೆ ಫೋನ್ ಮಾಡುವಾಗ ಅದು ಗೊತ್ತಿರ್ಲಿಲ್ಲ ಅಂತ ಮಾಡಿದ್ದೀರಾ? ನೀವು ಈಗ ಸುಳ್ಳು ಬರೆದರೆ ನಾನು ಫೋನ್ ಮಾಡಿದ್ದಕ್ಕೆ ಎಂತ ಅರ್ಥ ಉಂಟು?"

ಲಲಿತಕ್ಕ ಬಾಗಿಲಿನ ಹತ್ತಿರ ನಿಂತಿದ್ದರು. "ಬರೀರಿ ಮಗಾ" ಎಂದಷ್ಟೇ ಹೇಳಿ ಒಳಗೆ ಹೋದರು.

ಹೊಸ ಹಾಳೆ ತೆಗೆದೆ. ಸುದ್ದಿ ತಿಳಿಸಿದವರು: ಸಂಕಪ್ಪ ರೈ. ಆರೋಪಿ: ಸಂಕಪ್ಪ ರೈ. ಇಷ್ಟು ವರ್ಷದ ಕೆಲಸದಲ್ಲಿ ಎರಡೂ ಕಡೆ ಒಂದೇ ಹೆಸರು ಬರೆದದ್ದು ಅದೊಂದೇ ಸಲ. ಮರುದಿನ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪಂಚೆಯಲ್ಲಿ ಮದುವೆಗೆ ಹೊರಟವರ ಹಾಗೆ ಇಲಾಖೆಯ ಜೀಪು ಹತ್ತಿದರು. ಜಾಮೀನು ಸಿಗಲು ಹ​ನ್ನೊಂದು ದಿನ ಹಿಡಿಯಿತು.

ಆ ಹನ್ನೊಂದು ದಿನ ನನಗೆ ಮಂಡೆಕೋಲು ಬೇರೆಯೇ ಊರಾಗಿತ್ತು. ದಾರಿಯಲ್ಲಿ ಸಿಕ್ಕವರು ಬೇರೆ ಕಡೆ ನೋಡಿಕೊಂಡು ಹೋಗುತ್ತಿದ್ದರು. ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಯಾರೂ ಬೈಯಲಿಲ್ಲ, ಮಾತೇ ಆಡಲಿಲ್ಲ. ರೈಗಳು ಮನೆಗೆ ಮರಳಿದ ಮೇಲೂ ಅದೇ. ದಿನಕ್ಕೆ ನಾಲ್ಕು ಸಲ ರಿಂಗಾಗುತ್ತಿದ್ದ ನನ್ನ ಫೋನು, ಹಾವು ಬಂತು, ಹಂದಿ ಬಂತು, ಹೆಜ್ಜೆ ಕಂಡಿತು ಎಂದು ಹೇಳುತ್ತಿದ್ದ ಫೋನು, ಸತ್ತ ಹಾಗೆ ಬಿದ್ದಿತ್ತು.

ಒಂದು ಮಧ್ಯಾಹ್ನ ಹಮೀದಾಕನ ಅಂಗಡಿಯ ಬೆಂಚಿನಲ್ಲಿ ಕೂತಿದ್ದೆ. ಅವರು ಶೀಟು ಮಡಚುತ್ತ, ನನ್ನನ್ನು ನೋಡದೆ ಹೇಳಿದರು, "ನೀವು ಮಾಡಿದ್ದು ತಪ್ಪು ಅಂತ ನಾನು ಹೇಳುದಲ್ಲ ಮೇಡಂ. ಆದ್ರೆ ಊರಿಗೆ ಕಂಡದ್ದು ಎಂತ? ಫೋನ್ ಮಾಡಿದ ರೈಗಳು ಒಳಗೆ ಹೋದ್ರು. ಫೋನ್ ಮಾಡದವ ಆರಾಮ. ಇನ್ನು ಯಾವ ಉರುಳಿಗೆ ಎಂತ ಬಿದ್ರೂ ನಿಮಗೆ ಗೊತ್ತಾಗ್ಲಿಕ್ಕಿಲ್ಲ. ಬಿದ್ದಲ್ಲೇ ಮಣ್ಣು."

ಒಂದು ತಾಯಿ ಚಿರತೆ ಉಳಿದದ್ದು ನಿಜ. ಆದರೆ ಆ ಗುಡ್ಡೆಯ ಸುತ್ತ ನಾನು ನೋಡಿ ಬಂದ ಮೇಲೆ ಇನ್ನೆಷ್ಟು ಬೇಲಿಗಳಲ್ಲಿ ವಯರು ಬಿದ್ದಿತ್ತೋ ನನಗೆ ಗೊತ್ತಿರಲಿಲ್ಲ, ಗೊತ್ತುಪಡಿಸುವವರೂ ಇರಲಿಲ್ಲ. ಮರಿಗಳು ತಾಯಿಯ ಹಿಂದೆ ಅದೇ ಬೇಲಿಗಳ ಸಂದಿಯಲ್ಲೇ ನಡೆಯಲು ಕಲಿಯಬೇಕಿತ್ತು. ಬೇರೆ ಕಡೆಗೆ ವರ್ಗ ಕೇಳಿ ಅರ್ಜಿ ಬರೆದು ಬ್ಯಾಗಿನಲ್ಲಿ ಇಟ್ಟುಕೊಂಡೆ. ಕಡಬದ ಹತ್ತಿರದ ಸವಣೂರಿನ ಕಡೆ ಒಂದು ಹುದ್ದೆ ಖಾಲಿ ಇತ್ತು.

ಆ ಅರ್ಜಿಯನ್ನು ಕೊಡಲು ಹೊರಟ ದಿನವೇ ಮೇ ತಿಂಗಳ ಮೊದಲ ದೊಡ್ಡ ಮಳೆ ಬಂತು. ಗುಡುಗಿನ ಅಬ್ಬರಕ್ಕೆ ಸ್ಕೂಟರನ್ನು ಬಸ್‌ಸ್ಟಾಂಡಿನ ಹೆಂಚಿನ ಮಾಡಿನ ಕೆಳಗೆ ತಳ್ಳಿಕೊಂಡು ನಿಂತಿದ್ದೆ. ಅಲ್ಲಿ ನಿಂತಿದ್ದವರು ನಾಲ್ಕೈದು ಜನ. ಒಬ್ಬರೂ ನನ್ನ ಜೊತೆ ಮಾತಾಡಲಿಲ್ಲ. ಆಗ ಕಿಸೆಯಲ್ಲಿ ಫೋನು ನಡುಗಿತು. ಎಷ್ಟೋ ದಿನಗಳ ಮೇಲೆ ಬಂದ ಮಂಡೆಕೋಲಿನ ನಂಬರು. ಮಳೆಯ ಸದ್ದಿಗೆ ಒಂದು ಕಿವಿ ಮುಚ್ಚಿಕೊಂಡು, ಹಲೋ ಎಂದೆ.

"ಮೇಡಂ, ನಾನು ಹಮೀದ್. ನನ್ನ ಎಳೆ ರಬ್ಬರ್ ಗಿಡಗಳ ನಡುವೆ ಮರಗೆಣಸು ಹಾಕಿದ್ದುಂಟಲ್ಲ, ಅಲ್ಲಿ ಮೂರು ಉರುಳು ಉಂಟು. ನಾನೇ ಇಟ್ಟದ್ದು. ನಾನು ಮಾತ್ರ ಅಲ್ಲ, ಇಲ್ಲಿ ನನ್ನ ಅಂಗಡಿಯಲ್ಲಿ ಇನ್ನೂ ಏಳು ಜನ ಕೂತಿದ್ದಾರೆ, ರೈಗಳೇ ಕರ್ಕೊಂಡು ಬಂದದ್ದು. ಕೇಸು ಹಾಕ್ತೀರೋ ಬಿಡ್ತೀರೋ ನಿಮಗೆ ಬಿಟ್ಟದ್ದು. ಪೆನ್ನು ತೆಗೊಳ್ಳಿ. ಮೊದಲು ಹೆಸರು ಬರ್ಕೊಳ್ಳಿ, ಜಾಗ ಮತ್ತೆ ಹೇಳ್ತೇವೆ."